ಮೋಡಿ ಅಕ್ಷರ: ಹೆಸರಿಗೆ ಸೊಬಗು, ಲೆಕ್ಕಕ್ಕೆ ಸ್ಪಷ್ಟತೆ

ತೆರಿಗೆ, ಸಾಲ, ಬಡ್ಡಿ, ಸವಕಳಿಗಳ ಬಗ್ಗೆ ಬರೆಯಬೇಕಾದ ಲೆಕ್ಕಪರಿಶೋಧಕನೊಬ್ಬ ಅಕ್ಷರಗಳ ಅಂದಚಂದದ ಕುರಿತು ಬರೆಯಹೊರಟರೆ ಈ ಪತ್ರಿಕೆಯ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ವ್ಯಾಪಾರಿಯ ಹೆಸರು ಜನರ ಕಣ್ಣಿಗೆ ಬೀಳುವುದು ಅಕ್ಷರಗಳ ಮೂಲಕವೇ. ಆ ಅಕ್ಷರಗಳಿಗೆ ಖರ್ಚಿದೆ, ಕಾನೂನಿದೆ, ಲಾಭನಷ್ಟವಿದೆ. ಆದುದರಿಂದ ವಿಷಯವು ನಮ್ಮ ಪರಿಧಿಯಿಂದ ಹೊರಗಿನದೇನೂ ಅಲ್ಲ.

ಸೀರೆ ಅಂಗಡಿಯ ಕೈಚೀಲ, ಸಿಹಿತಿಂಡಿಯ ಪೆಟ್ಟಿಗೆ, ಊದುಬತ್ತಿಯ ಪೊಟ್ಟಣ, ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಇವುಗಳನ್ನೊಮ್ಮೆ ಗಮನಿಸಿ. ಬಲಕ್ಕೆ ವಾಲಿದ, ಒಂದಕ್ಕೊಂದು ಕೂಡಿಕೊಂಡ, ದಪ್ಪ ಮತ್ತು ನವಿರು ಗೆರೆಗಳು ಬಳ್ಳಿಯಂತೆ ಹರಿಯುವ ಇಂಗ್ಲಿಷ್ ಅಕ್ಷರಗಳು ಎಲ್ಲೆಡೆ ಕಾಣಸಿಗುತ್ತವೆ. ಡಿ.ಟಿ.ಪಿ. ಕೇಂದ್ರದವರು ಇದನ್ನು ಸ್ಕ್ರಿಪ್ಟ್ ಫಾಂಟ್ ಎನ್ನುತ್ತಾರೆ. ಕೂಡಿಸಿ ಬರೆಯುವ ಇಂತಹ ಬರಹವನ್ನು ನಮ್ಮ ಜನ ಮೊದಲಿನಿಂದಲೂ ಮೋಡಿ ಅಕ್ಷರವೆಂದು ಕರೆದಿದ್ದಾರೆ. ಈ ಅಕ್ಷರಕ್ಕೆ ವ್ಯಾಪಾರದಲ್ಲಿ ನಿಶ್ಚಿತವಾದ ಒಂದು ಸ್ಥಾನವಿದೆ. ಆ ಸ್ಥಾನದಲ್ಲಿದ್ದರೆ ಅದು ಬಂಡವಾಳ. ಸ್ಥಾನ ತಪ್ಪಿದರೆ ಅದೇ ನಷ್ಟಕ್ಕೆ ದಾರಿ. ಇದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಲೆಕ್ಕದ ಮನೆಯಲ್ಲಿ ಬೆಳೆದ ಬರಹ

ಈ ಶೈಲಿಯು ಅರಮನೆಯ ಅಲಂಕಾರವಾಗಿ ಬೆಳೆಯಿತೆಂದು ಅನೇಕರ ಭಾವನೆ. ವಾಸ್ತವವಾಗಿ ಇದಕ್ಕೆ ನೀರೆರೆದು ಬೆಳೆಸಿದವರು ವರ್ತಕರು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ವ್ಯಾಪಾರ ಬೆಳೆದಂತೆ ಪತ್ರ, ಹುಂಡಿ, ಖಾತೆ ಪುಸ್ತಕಗಳನ್ನು ಬೇಗನೆಯೂ ಸ್ಪಷ್ಟವಾಗಿಯೂ ಬರೆಯಬಲ್ಲ ಗುಮಾಸ್ತರು ಬೇಕಾದರು. ಲೇಖನಿಯನ್ನು ಪದೇಪದೇ ಎತ್ತದೆ ಬರೆಯಬಹುದಾದ ದುಂಡಗಿನ ಕೂಡುಬರಹವು ಈ ಅಗತ್ಯಕ್ಕೆ ಒದಗಿತು. ಇದೇ ರೌಂಡ್ ಹ್ಯಾಂಡ್. ಮಾದರಿಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದುದರಿಂದ ಮುಂದೆ ಕಾಪರ್‌ಪ್ಲೇಟ್ ಎಂಬ ಹೆಸರೂ ರೂಢಿಗೆ ಬಂದಿತು. ಜಾರ್ಜ್ ಬಿಕಮ್ 1733ರಿಂದ 1741ರವರೆಗೆ ಭಾಗಭಾಗವಾಗಿ ಹೊರತಂದ 'ದಿ ಯೂನಿವರ್ಸಲ್ ಪೆನ್‌ಮನ್' ಇಂತಹ ಮಾದರಿಗಳ ಪ್ರಸಿದ್ಧ ಸಂಗ್ರಹ.

ನಮ್ಮ ವೃತ್ತಿಯವರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಚಾರ್ಲ್ಸ್ ಸ್ನೆಲ್ (1667-1733) ಅವರದು. ಲಂಡನ್ನಿನ ಫೋಸ್ಟರ್ ಲೇನ್‌ನಲ್ಲಿದ್ದ ಇವರು ಬರವಣಿಗೆಯ ಉಪಾಧ್ಯಾಯರೂ ಹೌದು, ಲೆಕ್ಕಿಗರೂ ಹೌದು. ಇವರ ಬರವಣಿಗೆಯ ಮಾದರಿ ಪುಸ್ತಕವೊಂದು 1694ರಲ್ಲಿ ಪ್ರಕಟವಾಯಿತು. 1720ರಲ್ಲಿ ಸೌತ್ ಸೀ ಕಂಪನಿಯ ಷೇರು ಬೆಲೆ ಕುಸಿದು ಸಾವಿರಾರು ಜನ ಬೀದಿಗೆ ಬಿದ್ದ ಮೇಲೆ, ಆ ಕಂಪನಿಯ ನಿರ್ದೇಶಕರೊಬ್ಬರಿಗೆ ಸಂಬಂಧಿಸಿದ ಸಾಬ್ರಿಜ್ ಅಂಡ್ ಕಂಪನಿಯ ಪುಸ್ತಕಗಳನ್ನು ಪರಿಶೀಲಿಸಿ ವರದಿ ಬರೆದವರು ಇದೇ ಸ್ನೆಲ್. ಹೊರಗಿನ ಲೆಕ್ಕಿಗನೊಬ್ಬ ವ್ಯಾಪಾರ ಸಂಸ್ಥೆಯ ಲೆಕ್ಕ ನೋಡಿ ಬರೆದ ಅತ್ಯಂತ ಹಳೆಯ ವರದಿಗಳಲ್ಲಿ ಇದೂ ಒಂದು ಎಂದು ಲೆಕ್ಕಶಾಸ್ತ್ರದ ಚರಿತ್ರೆಯಲ್ಲಿ ಪರಿಗಣಿತವಾಗಿದೆ. ಅಕ್ಷರದ ಅಳತೆಗೂ ನಿಯಮಗಳಿರಬೇಕೆಂದು ವಾದಿಸಿ, ಅತಿಯಾದ ಬಳ್ಳಿಸುರುಳಿಗಳನ್ನು ಟೀಕಿಸಿದವರು ಅವರು. ಲೆಕ್ಕಿಗನ ಕೈಯಲ್ಲಿ ಅಕ್ಷರವು ಅಂದವಾಗಿರಬೇಕು. ಅದಕ್ಕೂ ಮಿಗಿಲಾಗಿ ಓದಲು ಬರಬೇಕು.

ಮೊಳೆಯ ಬಂಧನದಿಂದ ಬಿಡುಗಡೆ

ಈ ಕೈಬರಹವನ್ನು ಅಚ್ಚಿನ ಮೊಳೆಗಳಲ್ಲಿ ತರುವುದು ಸುಲಭವಾಗಿರಲಿಲ್ಲ. ಹಳೆಯ ಮುದ್ರಣಾಲಯಗಳನ್ನು ಕಂಡವರಿಗೆ ಇದರ ಕಾರಣ ತಿಳಿದಿರುತ್ತದೆ. ಪ್ರತಿಯೊಂದು ಅಕ್ಷರವೂ ಸೀಸದ ಚೌಕಟ್ಟಾದ ಒಂದು ತುಂಡಿನ ಮೇಲೆ ನಿಂತಿರುತ್ತಿತ್ತು. ವಾಲಿದ ಅಕ್ಷರದ ತಲೆಯೋ ಬಾಲವೋ ತುಂಡಿನಿಂದ ಹೊರಗೆ ಚಾಚಿದರೆ ಮುರಿಯುತ್ತಿತ್ತು. ಚಾಚದಿದ್ದರೆ ಅಕ್ಷರಗಳ ನಡುವೆ ಸಂದು ಕಾಣುತ್ತಿತ್ತು. ಆದುದರಿಂದಲೇ ನಮ್ಮ ಮುದ್ರಕರು ಅಂಗಡಿಯ ಹೆಸರನ್ನು ಮೋಡಿಯಲ್ಲಿ ಅಚ್ಚು ಹಾಕಬೇಕಾದಾಗ ಕಲಾವಿದರಿಂದ ಬರೆಸಿ ಬ್ಲಾಕ್ ಮಾಡಿಸುತ್ತಿದ್ದರು.

1960ರ ದಶಕದಲ್ಲಿ ಸೀಸದ ಬದಲು ಛಾಯಾಚಿತ್ರದ ಫಿಲ್ಮಿನ ಮೇಲೆ ಅಕ್ಷರ ಜೋಡಿಸುವ ಯಂತ್ರಗಳು ಬಂದಾಗ ಈ ಬಂಧನ ಸಡಿಲವಾಯಿತು. ಆ ಅವಕಾಶವನ್ನು ಬಳಸಿಕೊಂಡ ಮ್ಯಾಥ್ಯೂ ಕಾರ್ಟರ್ ಎಂಬ ಇಂಗ್ಲಿಷ್ ಅಕ್ಷರ ವಿನ್ಯಾಸಕಾರರು ಲಿನೋಟೈಪ್ ಸಂಸ್ಥೆಗಾಗಿ 1966ರಲ್ಲಿ ಒಂದು ಮೋಡಿ ಅಕ್ಷರಶೈಲಿಯನ್ನು ಸಿದ್ಧಪಡಿಸಿದರು. ಅದಕ್ಕೆ ಆಧಾರವಾದದ್ದು ಚಾರ್ಲ್ಸ್ ಸ್ನೆಲ್ ಅವರ ಕೈಬರಹ. ಹೆಸರೂ ಸ್ನೆಲ್ ರೌಂಡ್‌ಹ್ಯಾಂಡ್. ಅಕ್ಷರಗಳು ಸಂದಿಲ್ಲದೆ ಕೂಡಿಕೊಳ್ಳುವ ಈ ಶೈಲಿಯು ಇಂದು ಆಪಲ್ ಗಣಕಯಂತ್ರಗಳಲ್ಲಿ ಸಿದ್ಧವಾಗಿಯೇ ಬರುತ್ತದೆ. ಮುನ್ನೂರು ವರ್ಷಗಳ ಹಿಂದಿನ ಲೆಕ್ಕಿಗನ ಕೈಬರಹ ಇಂದು ಆಮಂತ್ರಣ ಪತ್ರಿಕೆಗಳ ಮೇಲೆ ಮೆರೆಯುತ್ತಿದೆ.

ಇದೇ ಕಾರ್ಟರ್ ಅವರು 1978ರಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ದೂರವಾಣಿ ಕೈಪಿಡಿಗಾಗಿ ಬೆಲ್ ಸೆಂಟೆನಿಯಲ್ ಎಂಬ ಇನ್ನೊಂದು ಶೈಲಿಯನ್ನು ರೂಪಿಸಿದರು. ಅಗ್ಗದ ಕಾಗದ, ತೀರ ಸಣ್ಣ ಅಕ್ಷರ, ವೇಗದ ಮುದ್ರಣ. ಇಷ್ಟೆಲ್ಲದರ ನಡುವೆಯೂ ಹೆಸರು ಮತ್ತು ಸಂಖ್ಯೆ ಓದಲು ಬರಬೇಕಿತ್ತು. ಶಾಯಿ ಹರಡಿ ಅಕ್ಷರ ಮುಚ್ಚಿಹೋಗದಂತೆ ಅವರು ಗೆರೆಗಳು ಸೇರುವ ಮೂಲೆಗಳಲ್ಲಿ ಸಣ್ಣ ಕಚ್ಚುಗಳನ್ನು ಬಿಟ್ಟರು. ಅದರಲ್ಲಿ ಬಳ್ಳಿಯಿಲ್ಲ, ಬಳುಕಿಲ್ಲ. ಅತ್ಯಂತ ಸೊಗಸಾದ ಮೋಡಿಯನ್ನು ಬಲ್ಲ ಕೈ ಸಂಖ್ಯೆಗಳ ಪುಸ್ತಕಕ್ಕೆ ಅದನ್ನು ಬಳಸಲಿಲ್ಲ. ವ್ಯಾಪಾರಿಗಳಾದ ನಾವು ಕಲಿಯಬೇಕಾದ ಪಾಠವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಹೆಸರಿಗೆ ಸಲ್ಲುವ ಸೊಬಗು

ಮೋಡಿ ಅಕ್ಷರದ ಸಹಜ ಸ್ಥಾನ ಸಹಿಯ ಜಾಗ. ಕೈಬರಹವನ್ನು ಕಂಡೊಡನೆ ಇದರ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಆತ ತನ್ನ ಹೆಸರಿಟ್ಟು ಮಾತು ಕೊಟ್ಟಿದ್ದಾನೆ ಎಂಬ ಭಾವನೆ ಗ್ರಾಹಕನಲ್ಲಿ ಮೂಡುತ್ತದೆ. ದೊಡ್ಡ ಜಾಹೀರಾತಿನ ಶಕ್ತಿಯಿಲ್ಲದ ಸಣ್ಣ ಉದ್ದಿಮೆದಾರನಿಗೆ ಈ ಭಾವನೆ ಅಮೂಲ್ಯವಾದುದು.

ಜಗತ್ತಿನ ಅತಿ ಪರಿಚಿತ ವ್ಯಾಪಾರಚಿಹ್ನೆಯೊಂದು ಹುಟ್ಟಿದ್ದೂ ಲೆಕ್ಕ ಬರೆಯುವವರ ಕೈಯಿಂದಲೇ. 1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾನ್ ಪೆಂಬರ್ಟನ್ ಅವರು ತಯಾರಿಸಿದ ಪಾನೀಯಕ್ಕೆ ಕೋಕಾ-ಕೋಲಾ ಎಂಬ ಹೆಸರನ್ನು ಸೂಚಿಸಿ, ಅದನ್ನು ಹರಿಯುವ ಅಕ್ಷರಗಳಲ್ಲಿ ಬರೆದವರು ಅವರ ಪಾಲುದಾರರೂ ಲೆಕ್ಕಬರಹಗಾರರೂ ಆಗಿದ್ದ ಫ್ರಾಂಕ್ ರಾಬಿನ್ಸನ್. ಅವರು ಬಳಸಿದ್ದು ಸ್ಪೆನ್ಸರಿಯನ್ ಬರಹ. ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್ (1800-1864) ರೂಪಿಸಿದ ಈ ಶೈಲಿಯನ್ನು ಅಂದಿನ ಅಮೆರಿಕದ ವಾಣಿಜ್ಯ ಶಾಲೆಗಳಲ್ಲಿ ಕಲಿಸಲಾಗುತ್ತಿತ್ತು. ಅಂದರೆ ರಾಬಿನ್ಸನ್ ವಿಶೇಷವಾದ ಕಲೆಯನ್ನೇನೂ ಹುಡುಕಿಕೊಂಡು ಹೋಗಲಿಲ್ಲ; ಖಾತೆ ಪುಸ್ತಕದಲ್ಲಿ ದಿನವೂ ಬರೆಯುತ್ತಿದ್ದ ಅಕ್ಷರವನ್ನೇ ಹೆಸರಿಗೂ ಬಳಸಿದರು. 1893ರಲ್ಲಿ ಅದು ಅಮೆರಿಕದಲ್ಲಿ ನೋಂದಾಯಿತ ವ್ಯಾಪಾರಚಿಹ್ನೆಯಾಯಿತು. ಬೆರಳಚ್ಚು ಯಂತ್ರ ಬಂದು ಕಚೇರಿಗಳಿಂದ ಕೈಬರಹ ಮರೆಯಾದ ಮೇಲೂ ಆ ಬಾಟಲಿಯ ಮೇಲೆ ಅದು ಉಳಿದುಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಬಿನ್ಸನ್ ಬರೆದದ್ದು ಸ್ವಂತ ಕೈಯಿಂದ. ಇಂದು ನಾವು ಗಣಕಯಂತ್ರದಲ್ಲಿ ಆರಿಸಿಕೊಳ್ಳುವ ಫಾಂಟ್ ಎಲ್ಲರ ಕೈಗೂ ಎಟಕುವಂಥದು. ಒಂದೇ ಬೀದಿಯ ಬೇಕರಿ, ಬ್ಯೂಟಿ ಪಾರ್ಲರ್ ಮತ್ತು ಬಟ್ಟೆ ಅಂಗಡಿಗಳು ಒಂದೇ ಫಾಂಟಿನಲ್ಲಿ ಹೆಸರು ಬರೆಸಿದರೆ ಅದು ಯಾರ ಸಹಿಯೂ ಆಗದು. ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ: ಆಮಂತ್ರಣ, ಅಭಿನಂದನಾ ಪತ್ರ, ಉಡುಗೊರೆ ಪೆಟ್ಟಿಗೆಯ ಮೇಲಿನ ಶುಭಾಶಯದ ಸಾಲು, ಹೋಟೆಲಿನ ತಿಂಡಿಪಟ್ಟಿಯ ತಲೆಬರಹ ಇಂತಹವುಗಳಿಗೆ ಫಾಂಟ್ ಸಾಕು. ದೀರ್ಘಕಾಲ ಬಾಳಬೇಕಾದ ಸಂಸ್ಥೆಯ ಹೆಸರನ್ನು ಮಾತ್ರ ಅಕ್ಷರ ಕಲಾವಿದರಿಂದ ಬರೆಸುವುದು ಲೇಸು. ಉದಾಹರಣೆಗೆ, ಇದಕ್ಕೆ 10,000 ರೂಪಾಯಿ ಖರ್ಚಾಯಿತೆಂದೂ 50,000 ಪೆಟ್ಟಿಗೆಗಳ ಮೇಲೆ ಆ ಹೆಸರು ಅಚ್ಚಾಯಿತೆಂದೂ ಭಾವಿಸೋಣ. ಪೆಟ್ಟಿಗೆಯೊಂದಕ್ಕೆ ತಗಲುವುದು 20 ಪೈಸೆ. ಪೆಟ್ಟಿಗೆಗಳ ಸಂಖ್ಯೆ ಬೆಳೆದಂತೆ ಅದೂ ಇಳಿಯುತ್ತದೆ.

ಎಲ್ಲಿ ಸಲ್ಲದು

ಚಟ್ನಿಪುಡಿ ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಅನುಭವವನ್ನು ಇಲ್ಲಿ ಹೇಳುವುದು ಉಚಿತ. ಹೊಸ ಪೌಚ್ ಅಂದವಾಗಿರಲೆಂದು ವಿನ್ಯಾಸಕಾರರು ಹೆಸರಿನ ಜೊತೆಗೆ ತೂಕ, ಬೆಲೆ, ವಿಳಾಸ ಎಲ್ಲವನ್ನೂ ಮೋಡಿಯಲ್ಲಿಯೇ ಜೋಡಿಸಿಬಿಟ್ಟರು. ಅದೂ ಕೆಂಗಂದು ಹಿನ್ನೆಲೆಯ ಮೇಲೆ ಬಿಳಿಯ ಎಳೆಗೆರೆಗಳಲ್ಲಿ. ಮುದ್ರಣದಲ್ಲಿ ಶಾಯಿ ಹರಡಿ ಗೆರೆಗಳು ಮುಚ್ಚಿದವು. 1 ಯಾವುದು, 7 ಯಾವುದು ಎಂದು ತಿಳಿಯದಾಯಿತು. ಸಗಟು ವ್ಯಾಪಾರಿಗಳು ಸರಕನ್ನು ಹಿಂದಿರುಗಿಸಿದರು. ಮುದ್ರಣದ ಸಿಲಿಂಡರನ್ನು ಮತ್ತೆ ಕೊರೆಸಬೇಕಾಯಿತು. ಉಳಿದ ಪೌಚ್‌ಗಳು ರದ್ದಿಗೆ ಹೋದವು. ಪುಡಿಯ ರುಚಿಯಲ್ಲಿ ಯಾವ ದೋಷವೂ ಇರಲಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ಘೋಷಣೆಗಳು ಓದಲು ಬರುವಂತೆಯೂ ಎದ್ದು ಕಾಣುವಂತೆಯೂ ಇರತಕ್ಕದ್ದು. ಚಿಲ್ಲರೆ ಮಾರಾಟ ಬೆಲೆ ಮತ್ತು ನಿವ್ವಳ ಪ್ರಮಾಣದ ಅಂಕಿಗಳು ಹಿನ್ನೆಲೆಯಿಂದ ಬೇರೆಯಾಗಿ ಕಾಣುವ ಬಣ್ಣದಲ್ಲಿರತಕ್ಕದ್ದು. ಆಹಾರ ಪದಾರ್ಥಗಳಿಗೆ 2020ರ ಲೇಬಲ್ ನಿಯಮಾವಳಿಯೂ ಅನ್ವಯಿಸುತ್ತದೆ. ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ ಇವುಗಳನ್ನು ಓದುವವರಲ್ಲಿ ರೋಗಿಗಳೂ ವೃದ್ಧರೂ ಇರುತ್ತಾರೆ ಎಂಬುದನ್ನು ಮರೆಯಬಾರದು.

ಬಿಲ್ ಪುಸ್ತಕದ ವಿಷಯವೂ ಹೀಗೆಯೇ. ಜಿ.ಎಸ್.ಟಿ. ನೋಂದಣಿ ಸಂಖ್ಯೆಯಲ್ಲಿ ಅಕ್ಷರ ಮತ್ತು ಅಂಕಿಗಳು ಸೇರಿ 15 ಸ್ಥಾನಗಳಿವೆ, ಬ್ಯಾಂಕಿನ ಐ.ಎಫ್.ಎಸ್. ಸಂಕೇತದಲ್ಲಿ 11, ಅದರ ಐದನೆಯ ಸ್ಥಾನದಲ್ಲಿರುವುದು ಯಾವಾಗಲೂ ಸೊನ್ನೆ. ಮೋಡಿಯಲ್ಲಿ ಅಚ್ಚಾದರೆ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಭೇದ ಉಳಿಯುವುದು ಕಷ್ಟ. ಒಂದು ಅಕ್ಷರ ತಪ್ಪಿದರೆ ಖರೀದಿದಾರರಿಗೆ ಹೂಟುವಳಿ ತೆರಿಗೆಯ ಜಮೆ ಸಿಗುವುದರಲ್ಲಿ ತೊಡಕು. ಹಣ ಪಾವತಿಯಲ್ಲಿ ವಿಳಂಬ. ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮುದ್ರಣಕ್ಕೆ ಕೊಡುವ ಮೊದಲು ಸದಸ್ಯ ಬಂಧುಗಳು ಈ ಕೆಲವು ಸಂಗತಿಗಳನ್ನು ನೋಡಿಕೊಂಡರೆ ಒಳಿತು. ಮೊದಲನೆಯದಾಗಿ, ಹೆಸರನ್ನು ಪೂರ್ತಿಯಾಗಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಮೋಡಿಯಲ್ಲಿ ಜೋಡಿಸಬಾರದು; ಅವು ಪದದ ಆರಂಭಕ್ಕೆಂದು ರೂಪಿಸಿದ ಅಕ್ಷರಗಳು, ಸಾಲಾಗಿ ನಿಂತರೆ ಓದಲಾಗದ ಗೋಜಲಾಗುತ್ತದೆ. ಎರಡನೆಯದಾಗಿ, ಅಕ್ಷರಗಳ ನಡುವೆ ಅಂತರ ಹೆಚ್ಚಿಸಬಾರದು, ಕೂಡುಗೆರೆ ಕಡಿದುಹೋಗುತ್ತದೆ. ಮೂರನೆಯದಾಗಿ, ರಟ್ಟಿನ ಪೆಟ್ಟಿಗೆ, ನೇಯ್ದ ಪ್ಲಾಸ್ಟಿಕ್ ಚೀಲ, ರಬ್ಬರ್ ಮೊಹರು ಇವುಗಳಲ್ಲಿ ನವಿರು ಗೆರೆ ನಿಲ್ಲದು. ಅಲ್ಲಿ ದಪ್ಪನೆಯ ರೂಪವೊಂದನ್ನು ಬೇರೆಯಾಗಿ ಬರೆಸಿಟ್ಟುಕೊಳ್ಳಬೇಕು. ನಾಲ್ಕನೆಯದಾಗಿ, ಒಂದು ಲೇಬಲ್ಲಿನಲ್ಲಿ ಒಂದೇ ಮೋಡಿ, ಅದರ ಜೊತೆಗೆ ಒಂದು ಸರಳ ಅಕ್ಷರ, ಇಷ್ಟು ಸಾಕು. ಕೊನೆಯದಾಗಿ, ನಿಜವಾದ ಅಳತೆಯಲ್ಲಿಯೇ ಒಂದು ಪ್ರೂಫ್ ತೆಗೆಸಿ, ವಿಷಯ ತಿಳಿಯದ ಒಬ್ಬರ ಕೈಗೆ ಕೊಟ್ಟು ಓದಿಸಬೇಕು.

ಕನ್ನಡಕ್ಕೆ ಒಪ್ಪುವ ಬಗೆ

2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಅಧಿನಿಯಮದಂತೆ ನಮ್ಮ ರಾಜ್ಯದ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು. ಅದೂ ಫಲಕದ ಮೇಲ್ಭಾಗದಲ್ಲಿ. ಇದನ್ನು ಪಾಲಿಸುವ ಭರದಲ್ಲಿ ಅನೇಕರು ಇಂಗ್ಲಿಷ್ ಮೋಡಿಗೆ ಸರಿಗಟ್ಟಲೆಂದು ಕನ್ನಡ ಅಕ್ಷರಗಳನ್ನು ಗಣಕಯಂತ್ರದಲ್ಲಿ ಬಲವಂತವಾಗಿ ಬಲಕ್ಕೆ ವಾಲಿಸುತ್ತಿದ್ದಾರೆ. ಫಲಿತಾಂಶ ಕಣ್ಣಿಗೆ ಹಿತವಲ್ಲ.

ಕನ್ನಡದ ಅಂದದ ದಾರಿಯೇ ಬೇರೆ. ನಮ್ಮ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ಇಂಗ್ಲಿಷಿನಂತೆ ಕೆಳಗೆ ಬಳ್ಳಿ ಎಳೆದರೆ ಅದು ಒತ್ತಕ್ಷರಕ್ಕೆ ತಾಗುತ್ತದೆ. ತಲೆಕಟ್ಟಿನ ಬಾಗು, ದುಂಡಿನ ತುಂಬು, ಒತ್ತಿನ ಬಾಲ ಇವುಗಳಲ್ಲಿಯೇ ಕನ್ನಡದ ಸೊಬಗನ್ನು ತೋರಿಸಬೇಕು. ನಮ್ಮ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತೆಂಬುದು, ಅಂದರೆ ಕೈಬರಹದ ರೂಪದಲ್ಲಿಯೇ ಓದುಗರ ಕೈಸೇರಿತೆಂಬುದು ಇಲ್ಲಿ ಸ್ಮರಣೀಯ. ಕೈಬರಹದ ರೀತಿಯ 'ನವಿಲು' ಎಂಬ ಕನ್ನಡ ಫಾಂಟ್ ಮುಕ್ತವಾಗಿ ದೊರೆಯುತ್ತದೆ. ಆದರೆ ನಾಮಫಲಕ ಬರೆಯುವ ಕಲಾವಿದರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಫ್ಲೆಕ್ಸ್ ಯಂತ್ರಗಳು ಅವರ ಕೆಲಸವನ್ನು ಕಸಿದಿವೆ. ಹೆಸರನ್ನು ಅವರಿಂದ ಬರೆಸಿ, ಆ ರೂಪವನ್ನೇ ಗಣಕಯಂತ್ರಕ್ಕೆ ಏರಿಸಿಕೊಳ್ಳುವುದು ವ್ಯಾಪಾರಿಗೂ ಕಲಾವಿದರಿಗೂ ಹಿತ.

ಇನ್ನೊಂದು ಎಚ್ಚರಿಕೆಯೂ ನಮ್ಮ ನೆಲದಲ್ಲಿಯೇ ಇದೆ. ಉತ್ತರ ಕರ್ನಾಟಕದ ಹಳೆಯ ದಾಖಲೆಗಳು ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಬೇಗ ಬರೆಯಲು ಅನುಕೂಲವಾಗಿದ್ದ ಆ ಲಿಪಿಯನ್ನು ಇಂದು ಓದಬಲ್ಲವರು ವಿರಳ. ಜಮೀನಿನ ಪತ್ರವೊಂದನ್ನು ಓದಿಸಲು ತಜ್ಞರನ್ನು ಅರಸಬೇಕಾಗುತ್ತದೆ. ಓದಲಾಗದ ದಾಖಲೆ ಬೀಗದ ಕೈ ಕಳೆದ ತಿಜೋರಿಯಂತೆ.

ಹಕ್ಕು ಮತ್ತು ಲೆಕ್ಕ

ಫಾಂಟನ್ನು ತಂತ್ರಾಂಶದಂತೆ ಪರವಾನಗಿಯ ಮೇಲೆ ಮಾರಲಾಗುತ್ತದೆ. ಮನೆಬಳಕೆಗೆ ಉಚಿತವೆಂದು ಸಿಗುವ ಎಷ್ಟೋ ಫಾಂಟ್‌ಗಳು ವ್ಯಾಪಾರದ ಬಳಕೆಗೆ ಉಚಿತವಲ್ಲ. ಮುದ್ರಣಕ್ಕೆ ಪಡೆದ ಪರವಾನಗಿ ಜಾಲತಾಣಕ್ಕೆ ಅನ್ವಯಿಸದಿರಬಹುದು. ವಿನ್ಯಾಸಕಾರರಿಂದ ಬಿಲ್ಲಿನ ಜೊತೆಗೆ ಪರವಾನಗಿಯ ಪ್ರತಿಯನ್ನೂ ಕೇಳಿ ಪಡೆದು ಕಡತದಲ್ಲಿಡುವುದು ಕ್ಷೇಮ.

ಕಲಾವಿದರಿಂದ ಹೆಸರು ಬರೆಸಿದರೆ ಹಣ ಕೊಟ್ಟ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಮ್ಮದಾಯಿತೆಂದು ತಿಳಿಯಬಾರದು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ 5 ವರ್ಷಗಳಿಗೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅನಂತರ 1999ರ ವ್ಯಾಪಾರಚಿಹ್ನೆಗಳ ಅಧಿನಿಯಮದಡಿ ಹೆಸರನ್ನು ಪದವಾಗಿಯೂ, ಬರೆದ ರೂಪವನ್ನು ಚಿತ್ರಚಿಹ್ನೆಯಾಗಿಯೂ ನೋಂದಾಯಿಸಬಹುದು. ನೋಂದಣಿಯ ಅವಧಿ 10 ವರ್ಷ, ನವೀಕರಿಸುತ್ತಾ ಹೋಗಬಹುದು.

ಲೆಕ್ಕದ ಮಾತು ಒಂದಿದೆ. ಲೆಕ್ಕಪತ್ರ ಮಾನಕ 26ರ ಪ್ರಕಾರ ನಾವೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಅದಕ್ಕೆ ಮಾಡಿದ ವೆಚ್ಚ ಆಯಾ ವರ್ಷದ ಖರ್ಚೇ. ಹಾಗಾಗಿ ಹೆಸರಿನ ಅಂದಕ್ಕೆ ಹಾಕಿದ ಹಣ ಪುಸ್ತಕದಲ್ಲಿ ನಷ್ಟದಂತೆಯೇ ಕಾಣುತ್ತದೆ, ಮತ್ತು ಅನೇಕ ಸಣ್ಣ ಉದ್ದಿಮೆದಾರರು ಅಲ್ಲಿಯೇ ಕೈ ಬಿಗಿ ಹಿಡಿಯುತ್ತಾರೆ. ಆದರೆ ಆ ಉದ್ದಿಮೆಯನ್ನು ಮುಂದೊಮ್ಮೆ ಕೊಳ್ಳುವವರು ಮೊದಲು ಬೆಲೆ ಕಟ್ಟುವುದು ಹಲವು ವೇಳೆ ಆ ಹೆಸರಿಗೇ.

ಗ್ರಾಹಕರು ಸರಕನ್ನು ನೋಡುತ್ತಾರೆ, ಅಕ್ಷರವನ್ನಲ್ಲ ಎಂದು ಕೆಲವು ಹಿರಿಯ ವ್ಯಾಪಾರಿಗಳು ವಾದಿಸುವುದುಂಟು. ಪರಿಚಯದ ಗಿರಾಕಿಯ ಮಟ್ಟಿಗೆ ಈ ಮಾತು ನಿಜ. ಅಪರಿಚಿತ ಗಿರಾಕಿಯು ಮಾತ್ರ ಪೊಟ್ಟಣವನ್ನು ಬಿಚ್ಚುವ ಮೊದಲು ಅದರ ಮೇಲಿನ ಬರಹವನ್ನೇ ನೋಡಬೇಕು. ಆತನನ್ನು ಕರೆಯುವ ಕೆಲಸವನ್ನು ಸೊಗಸಾದ ಹೆಸರು ಮಾಡಲಿ. ಎಷ್ಟು ತೂಕ, ಎಷ್ಟು ಬೆಲೆ, ಎಂದಿನವರೆಗೆ ಬಾಳುತ್ತದೆ ಎಂಬ ಮಾತನ್ನು ಸರಳ ಅಕ್ಷರಗಳು ಹೇಳಲಿ. ಮುಂದಿನ ಸಲ ಬಿಲ್ ಪುಸ್ತಕವನ್ನೋ ಲೇಬಲ್ಲನ್ನೋ ಮುದ್ರಣಕ್ಕೆ ಕಳುಹಿಸುವ ಮುನ್ನ ಸದಸ್ಯರು ಅದನ್ನು ಕನ್ನಡಕವಿಲ್ಲದೆ ಒಮ್ಮೆ ಓದಲು ಪ್ರಯತ್ನಿಸಲಿ. ಹೆಸರು ಕಣ್ಣು ಸೆಳೆದು, ಅಂಕಿಗಳು ಅನುಮಾನವಿಲ್ಲದೆ ತಿಳಿದರೆ ಧೈರ್ಯವಾಗಿ ಅಚ್ಚಿಗೆ ಕೊಡಬಹುದು.